ನೂರು ಗಜದ ದುರ್ಬೀನು ಮತ್ತು ಹೆಂಡತಿಯ ಕೆನ್ನೆ

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತಾರು ವರ್ಷಗಳಿಂದ ನಾನು ಪ್ಯಾರಲ್ಯಾಕ್ಸ್ ಎಂಬ ದೋಷವನ್ನು ಹುಡುಗರಿಗೆ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಅದೇ ದೋಷ ಎರಡು ತಿಂಗಳು ನಮ್ಮ ಸಂಸಾರದಲ್ಲಿ ಠಿಕಾಣಿ ಹೂಡಿತ್ತು. ಅದನ್ನು ಕರೆತಂದವನು ನಾನೇ. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಹೆಂಡತಿಯ ಕೈಗಿತ್ತವನೂ ನಾನೇ. ಆದರೆ ಗುರುತು ಹಿಡಿಯಲಿಲ್ಲ. ಮದುವೆಮನೆಯಲ್ಲಿ ಎದುರಾದ ಹಳೆಯ ಸಹಪಾಠಿಯನ್ನು ಯಾರೋ ಬೀಗರ ಕಡೆಯವರೆಂದುಕೊಂಡು ನಮಸ್ಕಾರ ಮಾಡಿ ಕಳಿಸುತ್ತೇವಲ್ಲ, ಹಾಗಾಯಿತು.

ನಾನು ಅಮೀರ್‌ಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮನೆ ದಿಲ್‌ಸುಖ್‌ನಗರ. ಬೆಳಿಗ್ಗೆ ಮೆಟ್ರೋದಲ್ಲಿ ಕುಳಿತಾಗ ನನ್ನ ನಿಜವಾದ ಉದ್ಯೋಗ ಶುರುವಾಗುತ್ತದೆ, ಅದು ಚಿಂತೆ. ಗ್ಯಾಸ್ ಬಂದ್ ಮಾಡಿದೆನೇ ಎಂಬ ಪ್ರಶ್ನೆ ಸರಿಯಾಗಿ ಮಲಕ್‌ಪೇಟೆಗೆ ಬರುತ್ತದೆ, ಗೀಜರ್ ಆರಿಸಿದೆನೇ ಎಂಬುದು ಅದರ ಮುಂದಿನ ಸ್ಟೇಷನ್ನಿಗೆ. ಈ ಚಿಂತೆಗಳಿಗೆ ಮೆಟ್ರೋದಷ್ಟೇ ಸಮಯಪ್ರಜ್ಞೆ. ಒಮ್ಮೆ ಅರ್ಧ ದಾರಿಯಿಂದ ವಾಪಸ್ಸು ಹೋಗಿ ನೋಡಿದರೆ ಗ್ಯಾಸ್ ಬಂದಾಗಿತ್ತು. ಸಮಾಧಾನದಿಂದ ಮತ್ತೆ ಹೊರಟೆ. ಆ ಸಮಾಧಾನದಲ್ಲಿ ಬಾಗಿಲಿಗೆ ಬೀಗ ಹಾಕಲು ಮರೆತಿದ್ದೆ.

ಪ್ಯಾರಲ್ಯಾಕ್ಸ್ ಎಂದರೆ ದೊಡ್ಡ ಗುಟ್ಟೇನಲ್ಲ. ಮೂಗಿನ ಮುಂದೆ ಬೆರಳು ಹಿಡಿದು, ಗೋಡೆಯ ಕ್ಯಾಲೆಂಡರನ್ನು ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ನೋಡಿ. ಬೆರಳು ಮಂಗಳವಾರದಿಂದ ಗುರುವಾರಕ್ಕೆ ಹಾರುತ್ತದೆ. ಬೆರಳೂ ಕದಲಿಲ್ಲ, ವಾರವೂ ಕದಲಿಲ್ಲ, ಕದಲಿದ್ದು ನೋಡುವವನ ಜಾಗ. ಬೆರಳನ್ನು ಕ್ಯಾಲೆಂಡರಿಗೆ ಅಂಟಿಸಿಯೇ ಹಿಡಿದರೆ ಹಾರಾಟವಿಲ್ಲ. ಎರಡು ವಸ್ತುಗಳು ಒಂದೇ ದೂರದಲ್ಲಿಲ್ಲದಿದ್ದಾಗ ಮಾತ್ರ ಈ ಆಟ. ‘ತಲೆ ಅಲ್ಲಾಡಿಸಿ ನೋಡಿ, ಸೂಜಿ ಸರಿದರೆ ಅಳತೆ ತಪ್ಪು’ ಎಂದು ವಾರಕ್ಕೆರಡು ಸಲ ಹೇಳುತ್ತೇನೆ. ಅರವತ್ತು ಹುಡುಗರು ಒಟ್ಟಿಗೆ ತಲೆ ಅಲ್ಲಾಡಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ನನ್ನ ಪಾಠ ಎಲ್ಲರಿಗೂ ಅರ್ಥವಾಗಿದೆ ಎಂಬ ಭಾವನೆ ಬರುತ್ತದೆ.

ನಮ್ಮ ಹಳೆಯ ಜ್ಯೋತಿರ್ಗಣಿತದವರಿಗೂ ಇದು ಗೊತ್ತಿತ್ತು. ಅವರು ಇದನ್ನು ಲಂಬನ ಎಂದು ಕರೆದರು. ಭೂಮಿಯ ನಡುವೆ ನಿಂತು ನೋಡಿದರೆ ಚಂದ್ರ ಒಂದು ಕಡೆ, ಅಂಗಳದಲ್ಲಿ ನಿಂತ ನಮಗೆ ಇನ್ನೊಂದು ಕಡೆ. ಅದರ ಲೆಕ್ಕ ಬಿಟ್ಟರೆ ಸೂರ್ಯಗ್ರಹಣದ ಹೊತ್ತು ತಪ್ಪುತ್ತದೆ. ಹೊತ್ತು ತಪ್ಪಿದರೆ ಮಡಿಯಲ್ಲಿ ಉಪವಾಸ ಕೂತ ಅಜ್ಜಿಯಂದಿರು ಸಿಟ್ಟಾಗುತ್ತಾರೆ. ಭೂಮಿಯ ಮಧ್ಯಕ್ಕೆ ಹೋಗಿ ನಿಂತು ನೋಡಲಾಗದ ಜನ, ಕೂತಲ್ಲಿಯೇ ತಮ್ಮ ಜಾಗದ ತಪ್ಪನ್ನು ಎಣಿಸಿ ಕಳೆದುಬಿಟ್ಟರಲ್ಲ ಎಂದು ನನಗೆ ಇವತ್ತಿಗೂ ಬೆರಗು. ತಾನು ಎಲ್ಲಿ ಕೂತು ನೋಡುತ್ತಿದ್ದೇನೆ ಎಂಬ ಪ್ರಶ್ನೆಯನ್ನು ಅವರು ಚಂದ್ರನ ವಿಷಯದಲ್ಲಿ ಕೇಳಿಕೊಂಡರು. ನಾನು ಕಾರಿನ ವಿಷಯದಲ್ಲೂ ಕೇಳಿಕೊಳ್ಳಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಕಾರು ಓಡಿಸುವುದು ಹೆಂಡತಿ ವಿಜಯಾ. ನಾನು ಓಡಿಸಿದರೆ ಎದುರಿನವರು, ಹಿಂದಿನವರು, ಫುಟ್‌ಪಾತಿನ ಮೇಲಿನವರು ಎಲ್ಲರ ಚಿಂತೆಯನ್ನೂ ನಾನೇ ಮಾಡಬೇಕಾಗುವುದರಿಂದ ಕಾರು ಮುಂದೆ ಹೋಗುವುದಿಲ್ಲ. ಹಾಗಾಗಿ ಎಡಗಡೆ ಕೂತು ಸ್ಪೀಡಿನ ಮುಳ್ಳು ಕಾಯುತ್ತೇನೆ. “ಎಪ್ಪತ್ತಾತು, ಎಪ್ಪತ್ತಾತು” ಎಂದು ನಾನು. “ಅರವತ್ತ ಐತ್ರಿ” ಎಂದು ಅವಳು. ಹದಿನಾಲ್ಕು ವರ್ಷ ಈ ಜಗಳ ನಡೆಯಿತು. ಅಂಕಿಗಳಿಗಿಂತ ಸ್ವಲ್ಪ ಮುಂದೆ ನಿಂತ ಮುಳ್ಳನ್ನು ಎಡಗಡೆಯಿಂದ ನೋಡಿದವನಿಗೆ ಅದು ಬಲಕ್ಕೆ ಸರಿದು ಕಾಣುತ್ತದೆ, ಅಂದರೆ ವೇಗ ಹೆಚ್ಚಾಗಿ ಕಾಣುತ್ತದೆ. ನಾನು ಹದಿನಾಲ್ಕು ವರ್ಷ ಇಲ್ಲದ ಹತ್ತು ಕಿಲೋಮೀಟರಿಗೆ ಹೆದರಿದ್ದೆ.

ಇನ್ನು ಬಂದೂಕಿನ ಕತೆ. ವಿಜಯಾ ಮನೆಯ ಹತ್ತಿರದ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಐದು ವರ್ಷದ ಹಿಂದೆ ಎನ್‌ಸಿಸಿ ಹುಡುಗಿಯರನ್ನು ಊರಾಚೆಯ ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋಗಲು ಜೊತೆಗೊಬ್ಬ ಮೇಡಂ ಬೇಕಾಗಿತ್ತು; ಇವಳು ಹೋದಳು. ಹುಡುಗಿಯರೆಲ್ಲ ಹೊಡೆದಾದ ಮೇಲೆ ಅಲ್ಲಿನ ಕೋಚ್ “ಮೇಡಂ, ನೀವೂ ಒಂದ್ ಕೈ ನೋಡ್ರಿ” ಎಂದರಂತೆ. ಇವಳು ಐದು ಗುಂಡು ಹೊಡೆದಳು. ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಬಿದ್ದವು. ಆ ಗುರಿಯ ಹಾಳೆಯನ್ನು ಮನೆಗೆ ತಂದು, ನನಗೆ ತೋರಿಸಿ, ಒಳಗೆ ಹೋಗಿ ಅನ್ನಕ್ಕಿಟ್ಟಳು. ಮುಂದಿನ ಭಾನುವಾರ ಕ್ಲಬ್ಬಿನ ಸದಸ್ಯೆಯಾದಳು.

ನನಗೆ ಚಿಂತೆಗೆ ಹೊಸ ಖಾತೆ ತೆರೆದಂತಾಯಿತು. ಕೋಚ್ ಯಾದಗಿರಿ ಸಾರ್ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ಜಹೀರಾಬಾದಿನವರು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಹೊಂದಿಸಿ ಆಡುತ್ತಾರೆ. ಮೊದಲ ದಿನವೇ ನಾನು ಅವರಿಗೆ ಹದಿನೇಳು ಪ್ರಶ್ನೆ ಕೇಳಿದ್ದೆ. ಅವರು ಹದಿನೇಳಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟರು: “ಸಾರ್, ಕೆಂಪು ಗೆರಿ ಹಿಂದ ಕುರ್ಚಿ ಅದ. ಚಾಯ್ ಬರ್ತದ. ಆರಾಮ್ಸೆ ಕೂಡ್ರಿ.”

ಅಲ್ಲಿ ಕೂತೇ ನಾನು ರೈಫಲ್ಲುಗಳ ಬಗ್ಗೆ ಒಂದಿಷ್ಟು ಕಲಿತೆ. ಇವಳು ಹೊಡೆಯುವುದು ಸಣ್ಣ ರೈಫಲ್, ಪಾಯಿಂಟ್ ಟೂಟೂ. ಅದರ ಕಾಡತೂಸು ಹುಣಸೆಬೀಜಕ್ಕಿಂತ ತುಸು ಉದ್ದ. ಅದರ ತಳದ ಅಂಚಿಗೆ ಬಡಿದರೆ ಸಿಡಿಯುತ್ತದೆ, ಅದಕ್ಕೇ ರಿಮ್‌ಫೈರ್ ಎನ್ನುತ್ತಾರೆ. ದೊಡ್ಡ ರೈಫಲ್ಲಿನ ಕಾಡತೂಸಿಗೆ ತಳದ ನಟ್ಟನಡುವೆ ಬಡಿಯಬೇಕು, ಅದು ಸೆಂಟರ್‌ಫೈರ್. ಸಣ್ಣದು ಐವತ್ತು ಮೀಟರಿನ ಗೆಳೆಯ. ದೊಡ್ಡದಕ್ಕೆ ನೂರು, ಇನ್ನೂರು, ಮುನ್ನೂರು ಗಜವೆಲ್ಲ ಅಂಗಳವಿದ್ದಂತೆ. ಸಣ್ಣದು ಹಾರಿಸಿದಾಗ ಬೆಕ್ಕು ಮೂತಿಯಿಂದ ತಿವಿದಷ್ಟು ಒತ್ತು ಹೆಗಲಿಗೆ. ದೊಡ್ಡದು ಎಮ್ಮೆಕರುವಿನ ಹಾಗೆ ಗುದ್ದುತ್ತದಂತೆ.

ನಾಲ್ಕು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ವಿಜಯಾಳಿಗೂ ನಲವತ್ತೆಂಟಾಯಿತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಉಂಗುರ ಅವಳಿಗೆ ಮಂಜು ಮಂಜಾಗತೊಡಗಿತು. ದೂರದ ಹಾಳೆ ಸ್ಪಷ್ಟ, ಹತ್ತಿರದ ಉಂಗುರ ಮಸುಕು. ಸೂಜಿಗೆ ದಾರ ಪೋಣಿಸುವಾಗ ಎಲ್ಲರಿಗೂ ಆಗುವುದೇ. ಕ್ಲಬ್ಬಿನವರು ಇದಕ್ಕೊಂದು ದಾರಿ ಇಟ್ಟಿದ್ದರು. ಪ್ರತಿ ಫೆಬ್ರವರಿಯಲ್ಲಿ ಊರಿನ ಇನ್ನೊಂದು ತುದಿಯ ಕ್ಲಬ್ಬಿನ ಜೊತೆ ಹಿರಿಯರ ಪಂದ್ಯ. ನಲವತ್ತೈದು ದಾಟಿದವರು ನಾಲ್ಕು ಜನ, ಐವತ್ತು ಮೀಟರ್, ಮರಳಿನ ಚೀಲದ ಮೇಲೆ ರೈಫಲ್, ತಲೆಗೆ ಇಪ್ಪತ್ತು ಗುಂಡು, ರೈಫಲ್ಲಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನಿಗೆ ಅನುಮತಿ. ವಿಜಯಾಳಿಗೆ ತಂಡದಲ್ಲಿ ಜಾಗ ಸಿಕ್ಕಿತು. ಅವಳ ಹತ್ತಿರ ದುರ್ಬೀನು ಇರಲಿಲ್ಲ. ಡಿಸೆಂಬರಿನಲ್ಲಿ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವುದಿತ್ತು. ನಾನು ಎರಡನ್ನೂ ಕೂಡಿಸಿದೆ.

ಸಹೋದ್ಯೋಗಿಯೊಬ್ಬರ ಪಕ್ಕದ ಮನೆಯಲ್ಲಿ ನಿವೃತ್ತ ಕರ್ನಲ್ ಒಬ್ಬರಿದ್ದರು. ರೈಫಲ್ಲನ್ನು ಎಂದೋ ಠಾಣೆಗೆ ಒಪ್ಪಿಸಿಬಿಟ್ಟಿದ್ದರು, ದುರ್ಬೀನು ಮಾತ್ರ ಉಳಿದಿತ್ತು. ನೋಡಿದೊಡನೆ ಮನಸೋತೆ. ಮುಂದಿನ ಗಾಜು ನಮ್ಮ ಮನೆಯ ಕಾಫಿ ಬಟ್ಟಲಿನಷ್ಟು ಅಗಲ. ತೂಕ, ಹೊಳಪು, ಗಾಂಭೀರ್ಯ ಎಲ್ಲ ಇದ್ದವು. ಕರ್ನಲ್ ಸಾಹೇಬರು ಪ್ರಾಮಾಣಿಕರು. “ಪ್ರೊಫೆಸರ್ ಸಾಬ್, ಯೇ ಬಡೀ ಬಂದೂಕ್ ಕಾ ಹೈ. ಸೌ ಗಜ್ ಪೇ ಸೆಟ್ ಹೈ” ಎಂದು ಸ್ಪಷ್ಟವಾಗಿ ಹೇಳಿದರು. ದೊಡ್ಡ ಬಂದೂಕಿನದು, ನೂರು ಗಜದ ದೂರಕ್ಕೆ ಹೊಂದಿಸಿ ಕೂಡಿಸಿದ್ದು. ಅವರು ಎಚ್ಚರಿಕೆ ಕೊಟ್ಟರು, ನಾನು ಹೊಗಳಿಕೆ ಎಂದು ತಿಳಿದೆ. ನೂರಕ್ಕೆ ಆಗುವುದು ಐವತ್ತಕ್ಕೆ ಆಗದೆ ಏನು? ಇದು ನನ್ನ ಲೆಕ್ಕ. ಮಕ್ಕಳಿಗೆ ಎರಡು ಸೈಜು ದೊಡ್ಡ ಬೂಟು ಕೊಡಿಸುವ ಮನೆತನ ನಮ್ಮದು.

ರಿಬ್ಬನ್ ಬಿಚ್ಚಿದ ವಿಜಯಾ ದುರ್ಬೀನನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದಳು. ಇಪ್ಪತ್ತೈದು ವರ್ಷಗಳಲ್ಲಿ ನಾನು ಅವಳಿಗೆ ಕೊಟ್ಟ ಉಡುಗೊರೆಗಳು ಬಿಪಿ ನೋಡುವ ಮಷೀನು, ಸೊಂಟದ ಬೆಲ್ಟು, ಹೊಗೆ ಬಂದರೆ ಕೂಗುವ ಗಂಟೆ. ಮೊದಲ ಬಾರಿಗೆ ಅವಳಿಗೆ ಬೇಕಾದದ್ದನ್ನು ತಂದಿದ್ದೆ. “ಭಾಳ ಛಂದ ಐತ್ರಿ” ಎಂದಳು. ಶಾಲೆಯಲ್ಲಿ ಎಲ್ಲರಿಗೂ ಹೇಳಿದಳು. ಗದಗಿನ ತಂಗಿಗೆ ಫೋನಿನಲ್ಲಿ, “ನಿಮ್ಮ ಭಾವ ಈ ಸಲ ಮಾತ್ರ ಸರಿಯಾದ್ದು ತಂದಾರವಾ” ಎಂದದ್ದು ನನ್ನ ಕಿವಿಗೂ ಬಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಅರ್ಧ ಅಪರಾಧವಾಗುತ್ತಿತ್ತು. ದುರ್ಬೀನು ಕೂರಿಸಿದ ಸಂಜೆ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ದಾಂಡಿಗನೊಬ್ಬ ದೊಡ್ಡ ರೈಫಲ್ಲಿನ ದುರ್ಬೀನಿಗೆ ಕಣ್ಣಿಟ್ಟು ಟ್ರಿಗರ್ ಎಳೆಯುತ್ತಾನೆ; ರೈಫಲ್ ಹಿಂದಕ್ಕೆ ಗುದ್ದಿ, ದುರ್ಬೀನಿನ ಅಂಚು ಅವನ ಹುಬ್ಬಿಗೆ ಅರ್ಧಚಂದ್ರ ಕೊರೆಯುತ್ತದೆ. ಆ ಅರ್ಧಚಂದ್ರ ನನ್ನ ತಲೆಯಿಂದ ಇಳಿಯಲಿಲ್ಲ. ಮುಂದಿನ ಭಾನುವಾರದಿಂದ ಕೆಂಪು ಗೆರೆಯ ಹಿಂದಿನ ಕುರ್ಚಿಯಿಂದಲೇ ಸೂಚನೆ ಶುರು ಮಾಡಿದೆ.

“ವಿಜಯಾ, ತಲಿ ಹಿಂದ ಸರಸು.”

“ಸರಿಸೀನ್ರಿ.”

“ಇನ್ನೊಂಚೂರು. ಹುಬ್ಬಿಗೆ ಬಡೀತೈತಿ.”

ಯಾದಗಿರಿ ಸಾರ್ ಒಮ್ಮೆ ಮೆತ್ತಗೆ, “ಸಾರ್, ಈ ಬಂದೂಕ್ ಒದೆಂಗಿಲ್ಲ, ಮುದ್ದು ಕೊಡ್ತದ” ಎಂದರು. ನಾನು ಅವರನ್ನು ನಂಬಲಿಲ್ಲ, ವಿಡಿಯೋವನ್ನು ನಂಬಿದೆ.

ಹೊಸ ದುರ್ಬೀನಿನಲ್ಲಿ ವಿಜಯಾಳ ಗುಂಡುಗಳು ಚದುರಿದವು. ಹಿಂದೆ ಇನ್ನೂರಕ್ಕೆ ನೂರಾ ತೊಂಬತ್ತರ ಆಸುಪಾಸು ಬರುತ್ತಿದ್ದವಳು ನೂರಾ ಎಂಬತ್ತಕ್ಕೆ ಇಳಿದಳು, ನೂರಾ ಎಪ್ಪತ್ತನಾಲ್ಕಕ್ಕೆ ಇಳಿದಳು. ಒಂದು ಗುಂಡು ನಡುವಿಗೆ, ಇನ್ನೊಂದು ಎಡಕ್ಕೆ, ಮುಂದಿನದು ಮೇಲಕ್ಕೆ. ಒಂದೇ ಕಡೆ ತಪ್ಪಿದ್ದರೆ ತಿರುಪು ತಿರುಗಿಸಿ ಸರಿಮಾಡಬಹುದಿತ್ತು. ಇದು ಮನಸ್ಸಿಗೆ ಬಂದ ಕಡೆ ತಪ್ಪುತ್ತಿತ್ತು. ಅವಳು ಹೆಚ್ಚು ಅಭ್ಯಾಸ ಮಾಡಿದಳು. ಹಾಳೆಗಳು ಹೆಚ್ಚು ಕೆಟ್ಟವು. ಮೊದಲೆಲ್ಲ ಕಾರಿನಲ್ಲಿ ದಾರಿಯುದ್ದಕ್ಕೂ ಮಾತಾಡುತ್ತಿದ್ದವಳು ಈಗ ರೇಡಿಯೋ ಹಾಕತೊಡಗಿದಳು.

ಕಣ್ಣಿನ ಡಾಕ್ಟರ ಬಳಿಗೆ ಹೋದೆವು. ಹೋಗುವಾಗ ನಾನು ಗ್ಲಾಕೋಮಾ, ಪೊರೆ, ಅಕ್ಷಿಪಟಲ ಎಂದು ಕಣ್ಣಿನ ಎಲ್ಲ ರೋಗಗಳನ್ನೂ ಓದಿಕೊಂಡಿದ್ದೆ. ಡಾಕ್ಟರಮ್ಮ ಹನಿ ಹಾಕಿ, ದೀಪ ಬಿಟ್ಟು, ನಾನಾ ಗಾಜು ಬದಲಿಸಿ ನೋಡಿ, “ಕಳ್ಳು ಚಾಲಾ ಬಾಗುನ್ನಾಯಮ್ಮಾ” ಎಂದರು, ಕಣ್ಣು ಬಹಳ ಚೆನ್ನಾಗಿವೆ. ನಾನು ಹಿಗ್ಗಿದೆ. ವಿಜಯಾಳ ಮುಖ ಇನ್ನೂ ಇಳಿಯಿತು.

“ಕಣ್ಣು ಕೆಟ್ಟಿದ್ರ ಚಷ್ಮಾ ಬದಲಿ ಮಾಡಬಹುದಿತ್ತು” ಎಂದಳು ಲಿಫ್ಟಿನಲ್ಲಿ. “ನಾನ ಕೆಟ್ಟೀನಿ ಅಂದ್ರ ಯಾ ಡಾಕ್ಟರ್ ಕಡೆ ಹೋಗೂದ್ರಿ?”

“ಅಷ್ಟ್ಯಾಕ ಹಚ್ಚಿಕೊಳ್ತಿ? ಆಟ ಅಷ್ಟ.”

ಲೋಕದ ಎಲ್ಲವನ್ನೂ ಹಚ್ಚಿಕೊಳ್ಳುವ ನಾನು ಈ ಮಾತು ಹೇಳಿದೆ. ಅವಳು ನಗಲಿಲ್ಲ.

“ನಿಮಗ ಆಟರಿ. ಮನ್ಯಾಗ, ಸಾಲ್ಯಾಗ ನಾ ಏನ್ ಮಾಡಿದ್ರೂ ಛಲೋ ಆತೋ ಇಲ್ಲೋ ಅಂತ ಮತ್ತೊಬ್ರು ಹೇಳಬೇಕು. ಅಲ್ಲಿ ಹಾಳಿ ಹೇಳ್ತಿತ್ತು. ಹಾಳಿ ಯಾರ ಮಾರಿನೂ ನೋಡಂಗಿಲ್ಲ. ಈಗ ಅದು ನಿನ್ನ ಕೈಚಳಕ ಮುಗೀತು ಅಂತ ಹೇಳಾಕತ್ತೈತಿ. ಬುಧವಾರ ತಂಡದ ಹೆಸರು ಬರಸಬೇಕು. ನಂದು ಬ್ಯಾಡ ಅಂತ ಹೇಳಿಬಿಡ್ತೀನಿ.”

ಲಿಫ್ಟು ಕೆಳಗೆ ಬಂತು. ನನಗೆ ಇಳಿಯುವುದು ನೆನಪಾಗದೆ ಮತ್ತೆ ಮೂರನೇ ಮಹಡಿಗೆ ಹೋಗಿಬಂದೆ.

ಆ ಭಾನುವಾರ ಅಭ್ಯಾಸ ಮುಗಿದಿತ್ತು. ಎಲ್ಲರೂ ರೈಫಲ್ಲುಗಳನ್ನು ಖಾಲಿ ಮಾಡಿ, ಕೈ ತೊಳೆಯಲು ಹೋಗಿದ್ದರು. ವಿಜಯಾಳ ರೈಫಲ್ ಇನ್ನೂ ಮರಳಿನ ಚೀಲದ ಮೇಲೆ ಒರಗಿತ್ತು. ಎರಡು ತಿಂಗಳಲ್ಲಿ ನಾನು ಒಮ್ಮೆಯೂ ಆ ದುರ್ಬೀನಿನೊಳಗೆ ಇಣುಕಿರಲಿಲ್ಲ. ಕರ್ನಲ್ಲರ ಮನೆಯಲ್ಲೂ ಹೊರಗಿನ ಹೊಳಪು ನೋಡಿಯೇ ಒಪ್ಪಿದ್ದೆ.

“ಯಾದಗಿರಿ ಸಾರ್, ಒಂದು ಸಲ ನೋಡಲೇನು?”

“ನೋಡ್ರಿ ಸಾರ್. ಬೋಲ್ಟ್ ನನ್ನ ಜೇಬದಾಗ ಅದ, ಗುಂಡು ಹಾರಂಗಿಲ್ಲ.”

ಆದರೂ ಮುಟ್ಟಲು ಧೈರ್ಯ ಬರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಸು ಕಲಗಚ್ಚಿನ ಬಾನಿಗೆ ಮೂತಿ ಇಡುವಂತೆ ಬಗ್ಗಿ ಇಣುಕಿದೆ. ದೂರದ ಹಾಳೆ ಅಂಗೈ ಮೇಲಿದ್ದಂತೆ ಕಂಡಿತು. ದುರ್ಬೀನಿನೊಳಗಿನ ಪ್ಲಸ್ ಗೆರೆಯ ನಡುಬಿಂದು ಹಾಳೆಯ ನಡುವಿನ ಹತ್ತಂಕದ ವೃತ್ತದ ಮೇಲೆ ಸರಿಯಾಗಿ ಕೂತಿತ್ತು. ಕನ್ನಡಕದ ಅಂಚು ಅಡ್ಡಬಂದು ತಲೆ ತುಸು ಸರಿಸಿದೆ. ಗೆರೆ ಒಂಬತ್ತಕ್ಕೆ ಹೋಯಿತು. ಇತ್ತ ಸರಿಸಿದೆ, ಹತ್ತನ್ನು ದಾಟಿ ಆಚೆಗೆ ಒಂಬತ್ತಕ್ಕೆ. ಕತ್ತು ಎತ್ತಿದೆ, ಇಳಿಸಿದೆ. ಗೆರೆಯೂ ಹಾಳೆಯ ಮೇಲೆ ಓಡಾಡಿತು. ರೈಫಲ್ ಮಾತ್ರ ಚೀಲದ ಮೇಲೆ ಗೂಟ ಹೊಡೆದಂತೆ ನಿಂತಿತ್ತು. ಧೈರ್ಯವಂತನಾಗಿದ್ದರೆ ರೈಫಲ್ಲನ್ನು ಹಿಡಿಯುತ್ತಿದ್ದೆ, ಅದು ಅಲ್ಲಾಡುತ್ತಿತ್ತು, ಏನೂ ಗೊತ್ತಾಗುತ್ತಿರಲಿಲ್ಲ. ಪುಕ್ಕಲನಾದ್ದರಿಂದ ನನ್ನ ಪ್ರಯೋಗ ಶುದ್ಧವಾಗಿ ನಡೆಯಿತು.

ನಾನು ತಲೆ ಅಲ್ಲಾಡಿಸುತ್ತಲೇ ಇದ್ದೆ. ಅರವತ್ತು ಹುಡುಗರು ಅಲ್ಲಾಡಿಸುವ ಹಾಗೆ.

ಎಲ್ಲವೂ ಒಟ್ಟಿಗೆ ಬಂದು ನಿಂತಿತು. ದುರ್ಬೀನಿನೊಳಗೆ ಗೆರೆ ಒಂದು ಕಡೆ ಇರುತ್ತದೆ. ಹಾಳೆಯ ಬಿಂಬ ಬಂದು ಬೀಳುವುದು ಹಾಳೆಯ ದೂರವನ್ನು ಅವಲಂಬಿಸಿ. ನೂರು ಗಜದ ಹಾಳೆಯಾದರೆ ಬಿಂಬ ಸರಿಯಾಗಿ ಗೆರೆಯ ಮೇಲೆಯೇ ಕೂರುತ್ತದೆ. ಹಾಗೆಂದೇ ಕಾರ್ಖಾನೆಯಲ್ಲಿ ಕೂಡಿಸಿರುತ್ತಾರೆ. ಐವತ್ತು ಮೀಟರಿನದಾದರೆ ಒಂಚೂರು ತಪ್ಪಿ ಕೂರುತ್ತದೆ. ಬೆರಳು ಮತ್ತು ಕ್ಯಾಲೆಂಡರು! ಮುಂದಿನ ಗಾಜು ಅಗಲವಿದ್ದಷ್ಟೂ ಕಣ್ಣು ಅತ್ತಿತ್ತ ಸರಿಯಲು ಜಾಗ ಹೆಚ್ಚು, ತಪ್ಪೂ ಹೆಚ್ಚು. ಅಗಲ ಗಾಜು ನಳಿಗೆಗೆ ತಾಗಬಾರದೆಂದು ದುರ್ಬೀನನ್ನು ಎತ್ತರಕ್ಕೆ ಕೂರಿಸಿದ್ದರು. ಅಷ್ಟು ಎತ್ತರಕ್ಕೆ ಕಣ್ಣು ಒಯ್ಯಲು ವಿಜಯಾ ರೈಫಲ್ಲಿನ ಹಿಂಬದಿಯ ಕಟ್ಟಿಗೆಯಿಂದ ಕೆನ್ನೆ ಎತ್ತಬೇಕಾಗಿತ್ತು. ಆಸರೆಯಿಲ್ಲದೆ ತೇಲುವ ತಲೆ ಪ್ರತಿ ಗುಂಡಿಗೂ ಬೇರೆ ಕಡೆ. ಇದೆಲ್ಲದರ ಮೇಲೆ, ಹಿಂದೆ ಕೂತು ‘ಹಿಂದ ಸರಸು’ ಎಂದು ಕೂಗುವ ಗಂಡ. ಕಣ್ಣು ಒಂದೇ ಜಾಗದಲ್ಲಿ ನಿಂತಿದ್ದರೆ ಈ ದೋಷ ಇದ್ದೂ ಇಲ್ಲದ ಹಾಗೆ. ನಿಲ್ಲಲು ನಾನು ಬಿಟ್ಟಿರಲಿಲ್ಲ.

“ಸಾರ್, ಇದರಾಗ ಗೆರಿ ಓಡಾಡ್ತೈತಿ” ಎಂದೆ.

“ಓಡಾಡ್ತದ ಸಾರ್. ದೊಡ್ಡ ಬಂದೂಕಿಂದು ಅಲ್ಲಾ? ಕಣ್ಣ ನಡು ಇಟ್ಕೊಂಡ್ರ ಏನೂ ಫಿಕರ್ ಇಲ್ಲ.”

“ನಿಮಗ ಗೊತ್ತಿತ್ತೇನ್ರಿ?”

“ಮೊದಲ್ನೇ ದಿನಾನೇ.”

“ಮತ್ತ ಹೇಳಲಿಲ್ಲಲ್ರಿ!”

ಯಾದಗಿರಿ ಸಾರ್ ನಿಜವಾಗಿಯೂ ಗಾಬರಿಯಾದರು. “ನೀವು ಫಿಸಿಕ್ಸ್ ಸಾರ್. ನೀವೇ ಕೂತು ತಲಿ ಹಿಂದ, ತಲಿ ಹಿಂದ ಅಂತ ಹೇಳಾಕತ್ತಿದ್ರಿ. ಏನರೆ ದೊಡ್ಡ ಲೆಕ್ಕ ಇರ್ತದ ಅಂದ್ಕೊಂಡೆ. ಮ್ಯಾಲ ಗಿಫ್ಟ್ ಅಂತ ಮೇಡಂ ಹೇಳಿದ್ರು. ಗಂಡ ಕೊಟ್ಟ ಸಾಮಾನಿಗೆ ನಾ ಹೆಂಗ ಹೆಸರು ಇಡ್ಲಿ ಸಾರ್?”

ಮೂವತ್ತು ವರ್ಷ ಬಂದೂಕು ನೋಡಿದ ಮನುಷ್ಯ ನನ್ನ ವಿದ್ಯೆಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದರು. ಆ ಮರ್ಯಾದೆಯ ಭಾರ ಎರಡು ತಿಂಗಳು ವಿಜಯಾ ಹೊತ್ತಿದ್ದಳು.

ನೀವು ಕೇಳಬಹುದು, ಅಲ್ಲೇ ಹೋಗಿ ಹೇಳಲಿಲ್ಲವೇ? ಹೇಳಲಿಲ್ಲ. ಕಾರಿನಲ್ಲೂ ಹೇಳಲಿಲ್ಲ. ಸೋಮವಾರವೂ ಹೇಳಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಸರಿಯಾಗಿ ಕೊಟ್ಟ ಒಂದೇ ಒಂದು ಉಡುಗೊರೆ, ಗದಗಿನವರೆಗೂ ಕೀರ್ತಿ ಮುಟ್ಟಿದ್ದು. ಬೇರೆ ಏನಾದರೂ ನೆಪದಲ್ಲಿ ದುರ್ಬೀನು ಬದಲಾಯಿಸಿಬಿಟ್ಟರೆ? ಸ್ಕ್ರೂ ಸಡಿಲವಾಗಿತ್ತು ಎಂದುಬಿಟ್ಟರೆ? ಆದರೆ ಆಗ ಅವಳ ಹಾಳೆಗಳು ಎರಡು ತಿಂಗಳು ಹೇಳಿದ ಸುಳ್ಳು ಅವಳ ಪಾಲಿಗೆ ನಿಜವಾಗಿಯೇ ಉಳಿಯುತ್ತಿತ್ತು. ಚೆನ್ನಾಗಿ ಬಂದ ದಿನವೂ ಅವಳು, ಇವತ್ತು ಹೇಗೋ ಬಂತು ಎಂದುಕೊಳ್ಳುತ್ತಿದ್ದಳು.

ಮಂಗಳವಾರ ಸಂಜೆ ಅವಳು ಅಡುಗೆಮನೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದಳು. ಎದುರಿಗೆ ಕೂತೆ.

“ವಿಜಯಾ, ಒಂದು ಹೇಳೂದೈತಿ.”

“ಯಾರಿಗೆ ಏನಾತು?” ಎಂದಳು, ಕೈ ನಿಲ್ಲಿಸದೆ. ನಾನು ಗಂಭೀರವಾಗಿ ಮಾತು ಶುರು ಮಾಡಿದರೆ ಅವಳು ಮೊದಲು ಕೇಳುವುದೇ ಅದು.

“ನಿನ್ನ ಕಣ್ಣೂ ನೆಟ್ಟಗ ಅದಾವು, ಕೈನೂ ನೆಟ್ಟಗ ಅದಾವು. ದುರ್ಬೀನು ತಪ್ಪು ತಂದೀನಿ.”

ಕೈ ನಿಂತಿತು. ನಾನು ಒಂದು ಮೆಂತ್ಯದ ಕಡ್ಡಿ ಎತ್ತಿ ಅವಳ ಮುಂದೆ ಹಿಡಿದು, ಕಿಟಕಿಯ ಸರಳಿನ ಕಡೆ ನೋಡಲು ಹೇಳಿದೆ. ಅವಳು ಒಂದು ಕಣ್ಣು ಮುಚ್ಚಿದಳು, ಇನ್ನೊಂದು ಮುಚ್ಚಿದಳು. ಕಡ್ಡಿ ಒಂದು ಸರಳಿನಿಂದ ಇನ್ನೊಂದಕ್ಕೆ ಹಾರಿತು. ಐವತ್ತು, ನೂರು, ಗೆರೆ, ಕೆನ್ನೆ ಎಲ್ಲ ಹೇಳಿದೆ. ತರಗತಿಯಲ್ಲಿ ನಲವತ್ತು ನಿಮಿಷ ತೆಗೆದುಕೊಳ್ಳುವ ವಿಷಯ ಅವಳಿಗೆ ನಾಲ್ಕು ನಿಮಿಷದಲ್ಲಿ ಅರ್ಥವಾಯಿತು.

“ಇದು ನೀವು ಹುಡುಗರಿಗೆ ಹೇಳೂದ ಅಲ್ಲೇನ್ರಿ?”

“ಹೌದು.”

“ದಿನಾ?”

“ದಿನಾ ಅಲ್ಲ. ವಾರಕ್ಕ ಎರಡು ಸಲ.”

ಅವಳಿಗೆ ನಗು ಬಂತು. ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನೂ ನಕ್ಕೆ, ಪಾರಾದೆ ಎಂದುಕೊಂಡು. ನಗು ಅರ್ಧಕ್ಕೇ ನಿಂತಿತು.

“ತಡೀರಿ. ಹಂಗಾದ್ರ ಹಿಂದ ಸರಿ, ಹಿಂದ ಸರಿ ಅಂತ ಒದರ್ತಿದ್ರಲ್ಲ, ಅದು?”

“ಅದೂ ನಂದ ತಪ್ಪು.”

ಅವಳು ಕಡ್ಡಿಗಳನ್ನೆಲ್ಲ ಗುಡ್ಡೆ ಮಾಡಿದಳು. ಹರಡಿದಳು. ಮತ್ತೆ ಗುಡ್ಡೆ ಮಾಡಿದಳು.

“ಎರಡು ತಿಂಗಳು ನಾ ಮುದುಕಿ ಆಗಿದ್ದೆ. ಗೊತ್ತೈತೇನ್ರಿ ನಿಮಗ?”

ಉಳಿದ ಮೆಂತ್ಯವನ್ನು ನಾನೇ ಸೋಸಿದೆ. ಎಲೆಗಿಂತ ಕಡ್ಡಿ ಹೆಚ್ಚು ಬಿತ್ತೆಂದು ಊಟದಲ್ಲಿ ಗೊತ್ತಾಯಿತು. ಅವಳು ಕಡ್ಡಿಗಳನ್ನು ತಟ್ಟೆಯ ಅಂಚಿಗೆ ಸರಿಸಿ ಉಂಡಳು. ಬುಧವಾರ ಬೆಳಿಗ್ಗೆ ಯಾದಗಿರಿ ಸಾರ್‌ಗೆ ಫೋನು ಮಾಡಿ, “ನನ್ನ ಹೆಸರು ಇರಲ್ರಿ” ಎಂದದ್ದನ್ನು ನಾನು ಬೂಟಿನ ಲೇಸು ಮೂರನೇ ಸಲ ಕಟ್ಟುತ್ತಾ ಕೇಳಿಸಿಕೊಂಡೆ.

ಉಪಾಯ ಸರಳವಾಗಿತ್ತು. ಬೆನ್ನುನೋವು ಬಂದರೆ ಇರಲಿ ಎಂದು ನಾನು ತಂದು ಒಮ್ಮೆಯೂ ಬಿಚ್ಚದ ಯೋಗದ ಚಾಪೆಯಿತ್ತು. ವಿಜಯಾ ಅದರಿಂದ ಗೇಣಗಲ ಕತ್ತರಿಸಿ ಮಡಿಸಿದಳು. ಯಾದಗಿರಿ ಸಾರ್ ಅದನ್ನು ರೈಫಲ್ಲಿನ ಕಟ್ಟಿಗೆಯ ಮೇಲೆ ಟೇಪು ಸುತ್ತಿ ಬಿಗಿದರು. ಈಗ ಕೆನ್ನೆಗೆ ಒರಗಲು ಜಾಗವಾಯಿತು. “ಮೇಡಂ, ಗಲ್ಲ ಇಲ್ಲೇ ಇಡ್ರಿ, ಪ್ರತಿ ಸಲ ಇಲ್ಲೇ. ಒಳಗ ಸುತ್ತಲೂ ಕರಿ ಉಂಗುರ ಒಂದೇ ದಪ್ಪ ಕಾಣಬೇಕು. ಒಂದ್ ಕಡೆ ದಪ್ಪ ಆಯ್ತೋ, ಕಣ್ಣ ಸರದದ ಅಂತ ತಿಳೀರಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ಕುರ್ಚಿ ಪಾರ್ಕಿಂಗಿನಾಗ ಹಾಕ್ಸೀನಿ. ಅಲ್ಲೂ ಚಾಯ್ ಬರ್ತದ.”

ಪಂದ್ಯದ ದಿನ ನಾನು ಪಾರ್ಕಿಂಗಿನಲ್ಲಿ ಎರಡು ಸ್ಕೂಟರು ಮತ್ತು ಒಂದು ಬೇವಿನ ಮರದ ನಡುವೆ ಕೂತಿದ್ದೆ. ಗುಂಡಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಯಾವುದು ಅವಳದು ಎಂದು ಹೇಳುವಂತಿರಲಿಲ್ಲ. ಕಾಣದ, ಸೂಚನೆ ಕೊಡಲಾಗದ ಜಾಗದಲ್ಲಿ ಕೂತಾಗ ನನ್ನ ಚಿಂತೆಯ ಕಾರ್ಖಾನೆಯದೂ ಆ ದುರ್ಬೀನಿನದೇ ಕತೆ ಎನಿಸಿತು. ನಾನೂ ದೂರಕ್ಕೇ ಕೂಡಿಸಿದ ಮಾಲು. ಎಂದೋ ಬರಬಹುದಾದ ಗ್ಲಾಕೋಮಾ, ಯಾರಿಗೋ ಬಡಿದ ದುರ್ಬೀನು, ಹತ್ತು ವರ್ಷದ ಮುಂದಿನ ಬೆನ್ನುನೋವು ನನಗೆ ಕನ್ನಡಿಯಂತೆ ಸ್ಪಷ್ಟ. ಪಕ್ಕದ ಸೀಟಿನಲ್ಲಿ ಕೂತು ರೇಡಿಯೋ ದನಿ ಏರಿಸಿದವಳು ಮಾತ್ರ ಎರಡು ತಿಂಗಳು ಮಸುಕಾಗಿದ್ದಳು.

ಒಂದೂವರೆ ಗಂಟೆಯ ಮೇಲೆ ಅವಳು ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಬಂದಳು. ನೂರಾ ತೊಂಬತ್ತೆರಡು. ತಂಡ ಸೋತಿತ್ತು, ಮೂರು ಅಂಕದಿಂದ. ನಮ್ಮ ಕಡೆಯ ಒಬ್ಬ ಹಿರಿಯರು ಎರಡು ಗುಂಡನ್ನು ಪಕ್ಕದವರ ಹಾಳೆಗೆ ಹೊಡೆದಿದ್ದರು. ವಿಜಯಾಳಿಗೆ ಸೋತದ್ದರ ಬೇಸರ ಇದ್ದಂತೆ ಕಾಣಲಿಲ್ಲ. ಹಾಳೆ ಬಿಡಿಸಿ, ಹತ್ತರ ಸುತ್ತ ಹರಿದು ಒಂದಾಗಿದ್ದ ತೂತನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಬಹಳ ದಿನದ ಮೇಲೆ ಮಾತು ಶುರುವಾಯಿತು: ಹನ್ನೆರಡನೇ ಗುಂಡಿಗೆ ಗಾಳಿ ಬೀಸಿದ್ದು, ಹದಿನೇಳಕ್ಕೆ ಉಸಿರು ತಪ್ಪಿದ್ದು.

ಯಾದಗಿರಿ ಸಾರ್ ಹಿಂದೆಯೇ ಬಂದರು. “ಮೇಡಂ, ಸಣ್ಣ ಬಂದೂಕಿಗೆ ಅಂತಾನೇ ದುರ್ಬೀನ್ ಬರ್ತದ. ಮುಂದಿನ ರಿಂಗ್ ತಿರುಗಿಸಿದ್ರ ಇಪ್ಪತ್ತೈದಕ್ಕೂ ಕೂಡ್ತದ, ಐವತ್ತಕ್ಕೂ ಕೂಡ್ತದ. ನಮ್ಮ ದೋಸ್ತ್ ಕಡೆ ಒಂದ್ ಅದ. ಹೇಳ್ಲೇನು?”

ನಾನು ಕೂಡಲೇ, ಹೇಳಿ ಹೇಳಿ ಎಂದೆ. ತಪ್ಪು ತಿದ್ದಿಕೊಳ್ಳುವ ಅವಕಾಶ ಇಷ್ಟು ಬೇಗ ಸಿಗುವುದೆಂದುಕೊಂಡಿರಲಿಲ್ಲ.

ವಿಜಯಾ ಮೆತ್ತನೆಯ ಬಟ್ಟೆಯಿಂದ ದುರ್ಬೀನಿನ ಆ ಅಗಲವಾದ ಗಾಜನ್ನು ಒರೆಸುತ್ತಿದ್ದಳು.

“ಬ್ಯಾಡ್ರಿ ಸಾರ್. ಇದರ ಐಬು ಏನಂತ ಈಗ ಗೊತ್ತಾಗೇತಿ. ಗಲ್ಲ ಎಲ್ಲಿಟ್ರ ಸರಿ ಕಾಣ್ತೈತಿ ಅನ್ನೂದೂ ಗೊತ್ತಾಗೇತಿ. ಹೊಸಾದು ತಂದು, ಅದರ ಐಬು ಹುಡುಕ್ಕೋತ ಇನ್ಯಾವಾಗ ಕೂಡ್ಲಿ?”

ಯಾದಗಿರಿ ಸಾರ್ ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ. ಈ ಮಾತು ದುರ್ಬೀನಿನ ಬಗ್ಗೆ ಮಾತ್ರವೇ ಎಂದು ಕೇಳಬೇಕೆಂಬ ಆಸೆ ಗಂಟಲವರೆಗೂ ಬಂತು. ಬೇರೆ ದಿನವಾಗಿದ್ದರೆ ಕೇಳಿಯೇ ಬಿಡುತ್ತಿದ್ದೆ, ಆಮೇಲೆ ಉತ್ತರದ ಬಗ್ಗೆ ಒಂದು ವಾರ ಚಿಂತಿಸುತ್ತಿದ್ದೆ. ಆದರೆ ಕೆಲವು ಅಳತೆಗಳನ್ನು ಎದ್ದು, ಬಗ್ಗಿ, ಆಚೆ ಈಚೆ ಸರಿದು ಓದಲು ಹೋಗಬಾರದು. ಕೂತಲ್ಲಿಂದ ಎಷ್ಟು ಕಂಡಿತೋ ಅಷ್ಟನ್ನೇ ಬರೆದುಕೊಳ್ಳಬೇಕು. ನಾನು ಅವಳ ಕೈಯಿಂದ ಹಾಳೆಯ ಸುರುಳಿಯನ್ನು, ಮಡಿಕೆ ಬೀಳದ ಹಾಗೆ, ಇಸಿದುಕೊಂಡೆ.